ಬಡಾವಣೆಯ ಆಟದ ಬಯಲು: ನವೀಕರಣ ಎಂದರೇನು?

ಬಡಾವಣೆಯೊಂದರ ನಡುವೆ ಒಂದು ಖಾಲಿ ನಿವೇಶನವಿದೆಯೆಂದು ಭಾವಿಸೋಣ. ಅಲ್ಲಿ ಆಸ್ಪತ್ರೆ ಕಟ್ಟುವುದು ಲೇಸೋ, ಉದ್ಯಾನವನ್ನು ಉಳಿಸಿಕೊಳ್ಳುವುದು ಲೇಸೋ ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಹಿಂದುಮುಂದು ನೋಡದೆ ಆಸ್ಪತ್ರೆಯ ಪರವಾಗಿಯೇ ಕೈ ಎತ್ತುವೆವು. ಆರೋಗ್ಯವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ವೈದ್ಯರು, ಔಷಧಿ, ರಕ್ತಪರೀಕ್ಷೆ, ಹಾಸಿಗೆ. ರೋಗ ಬಂದ ಮೇಲೆ ಇವೆಲ್ಲವೂ ಬೇಕಾದವುಗಳೇ. ಆದರೆ ರೋಗ ಬರುವುದಕ್ಕೆ ಮೊದಲು ಶರೀರವನ್ನು ಗಟ್ಟಿಯಾಗಿರಿಸುವ ಸ್ಥಳ ಯಾವುದು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ.

ಈ ಪ್ರಶ್ನೆ ನಮ್ಮ ನಾಡಿನಿಂದಲೇ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಉತ್ತರ ಪಡೆದು ಬಂದಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ನಕ್ಷೆಯಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ಕಾಯ್ದಿರಿಸಿದ್ದ ಜಾಗವನ್ನು 1970ರ ದಶಕದಲ್ಲಿ ಸರ್ಕಾರದ ಆದೇಶದ ಮೇರೆಗೆ ಖಾಸಗಿ ವೈದ್ಯಕೀಯ ಟ್ರಸ್ಟೊಂದಕ್ಕೆ ನರ್ಸಿಂಗ್ ಹೋಮ್ ಕಟ್ಟಲು ಹಂಚಿಕೆ ಮಾಡಲಾಯಿತು. ಬಡಾವಣೆಯ ನಿವಾಸಿಗಳು ನ್ಯಾಯಾಲಯದ ಮೊರೆಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದೇ ಹೆಸರಾದ ಈ ವ್ಯಾಜ್ಯದಲ್ಲಿ 1991ರ ಜುಲೈ ತಿಂಗಳಲ್ಲಿ ತೀರ್ಪು ನೀಡಿದ ಸರ್ವೋಚ್ಚ ನ್ಯಾಯಾಲಯವು ಆ ಹಂಚಿಕೆ ಸಲ್ಲದೆಂದು ಹೇಳಿತು. ನರ್ಸಿಂಗ್ ಹೋಮಿನ ಉಪಯೋಗವನ್ನು ನ್ಯಾಯಮೂರ್ತಿಗಳು ಅಲ್ಲಗಳೆಯಲಿಲ್ಲ. ಆದರೆ ಉದ್ಯಾನವು ಕೇವಲ ಒಂದು ಸೌಕರ್ಯವಾಗಿರದೆ ಜೀವನದ ಅವಶ್ಯಕತೆಯೇ ಆಗಿದೆಯೆಂದೂ, ಖಾಸಗಿ ನರ್ಸಿಂಗ್ ಹೋಮು ಸಾರ್ವಜನಿಕ ಉದ್ಯಾನಕ್ಕೆ ಬದಲಿಯಾಗಲಾರದೆಂದೂ ಅವರು ಸ್ಪಷ್ಟಪಡಿಸಿದರು.

ಆ ತೀರ್ಪು ಬಂದು ಮೂರು ದಶಕಗಳು ಕಳೆದಿವೆ. ಇಂದು ನಮ್ಮ ನಗರಗಳಲ್ಲಿ ಉದ್ಯಾನ, ಆಟದ ಮೈದಾನಗಳ ನವೀಕರಣದ ಕೆಲಸಗಳು ಬಹಳವಾಗಿ ನಡೆಯುತ್ತಿವೆ. ಹಣ ಬರುತ್ತಿದೆ, ಗುತ್ತಿಗೆ ಆಗುತ್ತಿದೆ, ಉದ್ಘಾಟನೆಯ ಫಲಕಗಳು ಏಳುತ್ತಿವೆ. ಉಳಿದುಕೊಂಡ ಬಯಲು ನವೀಕರಣದ ನಂತರ ನಿಜವಾಗಿಯೂ ಆರೋಗ್ಯವನ್ನು ಕೊಡುವ ಸ್ಥಳವಾಗಿರುತ್ತದೆಯೇ ಎಂಬುದೇ ಈಗ ನಮ್ಮ ಮುಂದಿರುವ ಪ್ರಶ್ನೆ. ಅದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಪ್ಲೇಗಿನ ಪಾಠ

ನಗರದೊಳಗೆ ಬಯಲು ಬೇಕೆಂಬ ತಿಳಿವಳಿಕೆ ನಮ್ಮ ನಾಡಿಗೆ ಬಂದದ್ದು ಸಾವುನೋವುಗಳ ಮೂಲಕ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಮಾರಿ ಕಾಲಿಟ್ಟಿತು. ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ, ಗಾಳಿಬೆಳಕಿಲ್ಲದ ಮನೆಗಳಲ್ಲಿ ಇಲಿಗಳೂ ಮನುಷ್ಯರೂ ಒಟ್ಟಿಗೆ ವಾಸಿಸುತ್ತಿದ್ದ ಕಡೆಗಳಲ್ಲೆಲ್ಲ ರೋಗ ಹಬ್ಬಿತು. ಜನ ಮನೆಗಳನ್ನು ತೊರೆದು ಊರ ಹೊರಗಿನ ಬಯಲುಗಳಲ್ಲಿ ಗುಡಿಸಲು ಹಾಕಿಕೊಂಡು ಜೀವ ಉಳಿಸಿಕೊಂಡರು. ಆ ಅನುಭವದ ಫಲವಾಗಿಯೇ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಅಗಲವಾದ ರಸ್ತೆ, ಮನೆಗಳ ಹಿಂದೆ ಸ್ವಚ್ಛತೆಯ ಓಣಿ, ನಡುನಡುವೆ ತೆರೆದ ಜಾಗ ಎಂಬ ಕ್ರಮದಲ್ಲಿ ರೂಪುಗೊಂಡವು. ಮೈಸೂರಿನಲ್ಲಿ 1903ರಲ್ಲಿಯೇ ನಗರಾಭಿವೃದ್ಧಿಗೆಂದು ಪ್ರತ್ಯೇಕ ಮಂಡಳಿಯೊಂದು ಸ್ಥಾಪಿತವಾಯಿತು. ಹೀಗೆ ನಮ್ಮ ಹಿರಿಯರು ಬಡಾವಣೆಯ ನಕ್ಷೆಯಲ್ಲಿ ಬಿಟ್ಟ ಪ್ರತಿಯೊಂದು ಖಾಲಿ ಜಾಗವೂ ಒಂದು ವಿಧದ ಮುಂಜಾಗ್ರತೆಯ ಔಷಧಿಯೇ ಆಗಿತ್ತು.

ಮುಂದೆ ಈ ವಿವೇಕ ಕಾನೂನಿನ ರೂಪ ಪಡೆಯಿತು. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯ ಪ್ರಕಾರ, ಪ್ರಾಧಿಕಾರವು ರೂಪಿಸುವ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇಕಡ 15ಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಸಾರ್ವಜನಿಕ ಉದ್ಯಾನ ಮತ್ತು ಆಟದ ಮೈದಾನಗಳಿಗೆ ಮೀಸಲಿಡಬೇಕು. ಶಾಲೆ, ಆಸ್ಪತ್ರೆ ಮುಂತಾದ ನಾಗರಿಕ ಸೌಕರ್ಯಗಳಿಗೆ ಇದರ ಮೇಲೆ ಶೇಕಡ 10ರಷ್ಟನ್ನು ಬೇರೆಯಾಗಿಯೇ ಬಿಡಬೇಕು. ಉದ್ಯಾನಕ್ಕೆ ಮೀಸಲಾದ ಜಾಗವನ್ನು ಅನ್ಯ ಉದ್ದೇಶಕ್ಕೆ ವಿಲೇವಾರಿ ಮಾಡಿದರೆ ಆ ವಿಲೇವಾರಿಯೇ ಅಸಿಂಧುವಾಗುತ್ತದೆ. ಉದ್ಯಾನ, ಆಟದ ಮೈದಾನ ಹಾಗೂ ತೆರೆದ ಸ್ಥಳಗಳ ಸಂರಕ್ಷಣೆಗೆಂದೇ 1985ರಲ್ಲಿ ಕರ್ನಾಟಕದಲ್ಲಿ ಒಂದು ಪ್ರತ್ಯೇಕ ಕಾಯ್ದೆಯೂ ಆಗಿದೆ. 1992ರ ಸಂವಿಧಾನ ತಿದ್ದುಪಡಿಯ ಮೂಲಕ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಸಂಸ್ಥೆಗಳ ಹೊಣೆಗಳ ಪೈಕಿ ಉದ್ಯಾನ, ತೋಟ, ಆಟದ ಮೈದಾನಗಳು ಹೆಸರಿಸಲ್ಪಟ್ಟಿವೆ.

ಅಂದಿನ ಶತ್ರು ಪ್ಲೇಗ್. ಇಂದಿನ ಶತ್ರುಗಳ ಹೆಸರು ಬೇರೆ: ಮಧುಮೇಹ, ರಕ್ತದೊತ್ತಡ, ಬೊಜ್ಜು, ಮಕ್ಕಳ ದೃಷ್ಟಿದೋಷ, ವೃದ್ಧಾಪ್ಯದ ಒಂಟಿತನ, ಏರುತ್ತಿರುವ ತಾಪ. ಇವುಗಳ ಎದುರು ನಿಲ್ಲುವುದಕ್ಕೂ ನಮಗೆ ಅದೇ ಬಯಲು ಬೇಕಾಗಿದೆ.

ಬಯಲು ಶರೀರಕ್ಕೆ ಮಾಡುವ ಉಪಕಾರ

ಮೊದಲು ಮಕ್ಕಳ ವಿಷಯ. ಐದರಿಂದ ಹದಿನೇಳು ವರ್ಷದೊಳಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಬೆವರು ಬರುವಂತೆ, ಉಸಿರು ಬಿರುಸಾಗುವಂತೆ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಅದೇ ಸಂಸ್ಥೆಯ ತಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜಗತ್ತಿನ 11ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡ 81ರಷ್ಟು ಮಂದಿಗೆ ಇಷ್ಟು ಚಟುವಟಿಕೆ ದೊರೆಯುತ್ತಿಲ್ಲ. ಎಲುಬು ಗಟ್ಟಿಯಾಗುವುದು ಅದರ ಮೇಲೆ ಭಾರ ಬಿದ್ದಾಗ. ಕುಂಟೆಬಿಲ್ಲೆಯ ಕುಪ್ಪಳಿಕೆ, ಕೊಕ್ಕೊ ಆಟದ ತಿರುಗು ಓಟ, ಲಗೋರಿಯಲ್ಲಿ ಬಾಗಿ ಏಳುವುದು, ಮರ ಹತ್ತುವುದು ಇವೆಲ್ಲವೂ ಮೂಳೆ, ಸ್ನಾಯು ಹಾಗೂ ಮೈತೂಕದ ಸಮತೋಲಕ್ಕೆ ತಕ್ಕ ವ್ಯಾಯಾಮಗಳು. ಸೋತರೂ ಮುನಿಸಿಕೊಳ್ಳದಿರುವುದು, ಸರದಿಗಾಗಿ ಕಾಯುವುದು, ಚಿಕ್ಕವರನ್ನು ಸೇರಿಸಿಕೊಳ್ಳುವುದು ಎಂಬ ಮನಸ್ಸಿನ ಶಿಕ್ಷಣವೂ ಇದರ ಜೊತೆಗೇ ನಡೆಯುತ್ತದೆ.

ಮಕ್ಕಳ ಕಣ್ಣಿಗೂ ಬಯಲಿಗೂ ಇರುವ ಸಂಬಂಧ ಬಹುಮಂದಿಗೆ ತಿಳಿದಿಲ್ಲ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಲಾಯಿತು. ಅರ್ಧದಷ್ಟು ಶಾಲೆಗಳಲ್ಲಿ ಪ್ರತಿ ಶಾಲಾದಿನವೂ 40 ನಿಮಿಷ ಹೆಚ್ಚಾಗಿ ಮಕ್ಕಳನ್ನು ಹೊರಗೆ ಬಿಡಲಾಗಿತ್ತು. ಮೂರು ವರ್ಷದ ಕೊನೆಗೆ, ಹೊರಗೆ ಹೆಚ್ಚು ಹೊತ್ತು ಕಳೆದ ಗುಂಪಿನಲ್ಲಿ ಶೇಕಡ 30.4ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ಬಂದಿದ್ದರೆ, ಉಳಿದ ಗುಂಪಿನಲ್ಲಿ ಅದು ಶೇಕಡ 39.5 ಆಗಿತ್ತು. ಹಗಲಿನ ಬೆಳಕು ಕಣ್ಣುಗುಡ್ಡೆಯ ಅತಿಯಾದ ಬೆಳವಣಿಗೆಯನ್ನು ತಡೆಯುತ್ತದೆಂಬುದು ತಜ್ಞರ ಅಭಿಪ್ರಾಯ. ಕನ್ನಡಕದ ಅಂಗಡಿಗೆ ಹೋಗುವ ದಾರಿಯಲ್ಲಿ ಆಟದ ಮೈದಾನವೂ ಇರುತ್ತದೆಂಬುದನ್ನು ಪೋಷಕರು ನೆನಪಿಡಬೇಕು.

ಇನ್ನು ವಯಸ್ಕರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ಭಾರತದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆಯೆಂದೂ, 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆಂದೂ, 31.5 ಕೋಟಿ ಮಂದಿಗೆ ಅಧಿಕ ರಕ್ತದೊತ್ತಡವಿದೆಯೆಂದೂ ಅಂದಾಜು ಮಾಡಿದೆ. ಹಳ್ಳಿಗಳಿಗಿಂತ ನಗರಗಳಲ್ಲಿ ಮಧುಮೇಹದ ಪ್ರಮಾಣ ಹೆಚ್ಚು. ನಾವು ನಡೆಯುವಾಗ ಕಾಲಿನ ದೊಡ್ಡ ಸ್ನಾಯುಗಳು ಸಂಕೋಚಗೊಂಡು ರಕ್ತದಲ್ಲಿರುವ ಸಕ್ಕರೆಯನ್ನು ನೇರವಾಗಿ ಹೀರಿಕೊಳ್ಳುತ್ತವೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಶರೀರದಲ್ಲಿಯೂ ಈ ದಾರಿ ತೆರೆದೇ ಇರುತ್ತದೆ. ಆದ್ದರಿಂದಲೇ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವೇಗದ ನಡಿಗೆಯನ್ನು ವೈದ್ಯರು ಸೂಚಿಸುವುದು. ಈ ಸಲಹೆಯನ್ನು ಚೀಟಿಯಲ್ಲಿ ಬರೆದುಕೊಡುವುದು ಸುಲಭ. ಆದರೆ ಪಾದಚಾರಿ ಮಾರ್ಗವೇ ಇಲ್ಲದ ರಸ್ತೆಯಲ್ಲಿ, ವಾಹನಗಳ ಹೊಗೆಯ ನಡುವೆ, ನಾಯಿಗಳಿಗೆ ಹೆದರುತ್ತ ರೋಗಿ ನಡೆಯುವುದಾದರೂ ಎಲ್ಲಿ? ಹತ್ತಿರದಲ್ಲೊಂದು ಬಯಲಿದ್ದಾಗಲೇ ಆ ಚೀಟಿಗೆ ಬೆಲೆ.

ಹಿರಿಯರಿಗೆ ಬಯಲಿನಿಂದ ಆಗುವ ಲಾಭ ಇನ್ನೂ ದೊಡ್ಡದು. ವಯಸ್ಸಾದಂತೆ ಬೀಳುವ ಭಯ ಹೆಚ್ಚುತ್ತದೆ. ಸೊಂಟದ ಮೂಳೆ ಮುರಿದರೆ ಹಾಸಿಗೆ ಹಿಡಿಯುವವರೇ ಬಹಳ. ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಸ್ನಾಯುಬಲವನ್ನು ಹೆಚ್ಚಿಸುವ ಚಟುವಟಿಕೆಗಳಿರಲಿ ಎಂಬುದು 65 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದರೊಡನೆ, ಸಂಜೆ ಒಂದು ಗಂಟೆ ಸಮವಯಸ್ಕರ ಜೊತೆ ಕುಳಿತು ಮಾತನಾಡಿ ಬಂದವರಿಗೆ ಊಟ ರುಚಿಸುತ್ತದೆ, ನಿದ್ದೆ ಬರುತ್ತದೆ. ಮಕ್ಕಳು ಪರವೂರಿನಲ್ಲಿದ್ದು ಮನೆಯಲ್ಲಿ ಇಬ್ಬರೇ ಉಳಿದ ದಂಪತಿಗಳಿಗೆ ಆ ಕಲ್ಲುಬೆಂಚೇ ಅನೇಕ ವೇಳೆ ನೆರೆಹೊರೆ.

ಕೊನೆಯದಾಗಿ ತಾಪದ ವಿಷಯ. ಹಗಲಿಡೀ ಬಿಸಿಲು ಕುಡಿದ ಕಾಂಕ್ರೀಟು ಮತ್ತು ಡಾಂಬರು ರಾತ್ರಿಯವರೆಗೂ ಶಾಖವನ್ನು ಹೊರಬಿಡುತ್ತಿರುತ್ತವೆ. ಮರವಾದರೋ ನೆರಳನ್ನು ಕೊಡುವುದಲ್ಲದೆ ಎಲೆಗಳ ಮೂಲಕ ನೀರನ್ನು ಆವಿಯಾಗಿಸಿ ಸುತ್ತಲ ಗಾಳಿಯನ್ನು ತಂಪುಗೊಳಿಸುತ್ತದೆ. ತೆರೆದ ಮಣ್ಣು ಮಳೆನೀರನ್ನು ಹೀರಿಕೊಂಡು ಅಂತರ್ಜಲಕ್ಕೆ ಸೇರಿಸುತ್ತದೆ. ಬೇಸಿಗೆಯಲ್ಲಿ ಹೃದ್ರೋಗಿಗಳಿಗೂ ಎಳೆಯ ಮಕ್ಕಳಿಗೂ ಈ ತಂಪು ಬಹಳ ಮುಖ್ಯ.

ನವೀಕರಣ ದಾರಿ ತಪ್ಪುವುದು ಎಲ್ಲಿ?

ಇಷ್ಟು ಉಪಕಾರ ಮಾಡುವ ಬಯಲು ಹಾಳುಬಿದ್ದಾಗ ಅದೇ ರೋಗದ ಮೂಲವೂ ಆಗುತ್ತದೆ. ನೋಡಿಕೊಳ್ಳುವವರಿಲ್ಲದ ಜಾಗದಲ್ಲಿ ಮೊದಲು ಹುಟ್ಟುವುದು ಪಾರ್ಥೇನಿಯಂ. ಜನ ಅದನ್ನು ಕಾಂಗ್ರೆಸ್ ಗಿಡವೆನ್ನುವರು. ಅದರ ಪರಾಗದಿಂದ ಚರ್ಮದ ತುರಿಕೆ, ಮೂಗು ಸೋರುವಿಕೆ, ಉಬ್ಬಸ ಉಂಟಾಗುತ್ತವೆ. ಒಡೆದ ತೆಂಗಿನ ಚಿಪ್ಪು, ಹಳೆಯ ಟೈರು, ಕೆಟ್ಟುನಿಂತ ಕಾರಂಜಿಯ ತೊಟ್ಟಿಗಳಲ್ಲಿ ನಿಂತ ನೀರು ಡೆಂಗೀ ಹರಡುವ ಈಡಿಸ್ ಸೊಳ್ಳೆಗೆ ತೊಟ್ಟಿಲಾಗುತ್ತದೆ. 2024ರಲ್ಲಿ ನಮ್ಮ ರಾಜ್ಯ ಸರ್ಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತೆಂಬುದನ್ನು ನೆನೆದರೆ ಇದರ ಗಾಂಭೀರ್ಯ ತಿಳಿದೀತು. ಆದ್ದರಿಂದ ಹಾಳುಬಿದ್ದ ಬಯಲುಗಳ ನವೀಕರಣ ಆಗಲೇಬೇಕು.

ಆದರೆ ನಮ್ಮ ನಗರಗಳಲ್ಲಿ ನಡೆಯುವ ನವೀಕರಣಗಳಲ್ಲಿ ಒಂದು ಸಾಮಾನ್ಯ ದೋಷ ಕಾಣುತ್ತದೆ. ಅವು ನೋಡುವ ಕಣ್ಣಿಗಾಗಿ ಆಗುತ್ತವೆ. ಬಳಸುವ ಕಾಲಿಗಾಗಿ ಆಗುವುದು ಅಪರೂಪ. ಮಕ್ಕಳು ಚೆಂಡು ಒದೆಯುತ್ತಿದ್ದ ಮಣ್ಣಿನ ನೆಲಕ್ಕೆ ಹೊಳೆಯುವ ಟೈಲ್ಸ್ ಬರುತ್ತದೆ. ನಡುವೆ ಕಾರಂಜಿ ನಿಲ್ಲುತ್ತದೆ. ಆರು ತಿಂಗಳಲ್ಲಿ ಅದರ ಮೋಟಾರು ಕೆಡುತ್ತದೆ. ಹುಲ್ಲುಹಾಸಿನ ಮೇಲೆ ಕಾಲಿಡಬಾರದು, ಚೆಂಡಾಟ ಆಡಬಾರದು, ಸೈಕಲ್ ತರಬಾರದು ಎಂಬ ಫಲಕಗಳು ಸಾಲಾಗಿ ನಿಲ್ಲುತ್ತವೆ. ಮಳೆಗಾಲದಲ್ಲಿ ಅದೇ ಟೈಲ್ಸಿನ ಮೇಲೆ ಹಿರಿಯರು ಜಾರಿಬೀಳುತ್ತಾರೆ. ಬೇಸಿಗೆಯಲ್ಲಿ ಕಬ್ಬಿಣದ ಜಾರುಬಂಡಿ ಬೆಂಕಿಯಂತೆ ಕಾಯುತ್ತದೆ. ಉಯ್ಯಾಲೆಯ ಕೆಳಗೆ ಕಾಂಕ್ರೀಟು ಹಾಕಿರುವುದರಿಂದ ಬಿದ್ದ ಮಗುವಿನ ತಲೆಗೆ ಪೆಟ್ಟಾಗುತ್ತದೆ. ಮರದ ಬುಡದವರೆಗೂ ಸಿಮೆಂಟು ಬಳಿದುದರಿಂದ ಬೇರಿಗೆ ನೀರು ಗಾಳಿ ಸಿಗದೆ, ಹತ್ತಾರು ವರ್ಷ ನೆರಳು ಕೊಟ್ಟ ಮರ ಒಣಗುತ್ತದೆ. ಛಾಯಾಚಿತ್ರದಲ್ಲಿ ಇಂಥ ಉದ್ಯಾನ ಬಹಳ ಚೆನ್ನಾಗಿ ಕಾಣುತ್ತದೆ. ಸಂಜೆ ಹೋಗಿ ನೋಡಿದರೆ ಅಲ್ಲಿ ಮಕ್ಕಳೇ ಇರುವುದಿಲ್ಲ.

ಇನ್ನೊಂದು ದೋಷವನ್ನು ಮಠದ ಪತ್ರಿಕೆಯಾಗಿ ನಾವು ಹೇಳಲೇಬೇಕು. ಉದ್ಯಾನದ ಒಂದು ಮೂಲೆಯಲ್ಲಿ ಸಮುದಾಯ ಭವನ, ಇನ್ನೊಂದರಲ್ಲಿ ಪ್ರತಿಮೆಯ ಮಂಟಪ, ಮತ್ತೊಂದರಲ್ಲಿ ಗುಡಿ ಅಥವಾ ಇತರ ಪ್ರಾರ್ಥನಾ ಸ್ಥಳ ಹೀಗೆ ಬಯಲು ತುಂಡುತುಂಡಾಗಿ ಕರಗುತ್ತ ಹೋಗುತ್ತದೆ. ಯಾರೂ ವಿರೋಧಿಸಲಾರರೆಂಬ ಧೈರ್ಯದಿಂದಲೇ ಇಂಥ ಕಟ್ಟಡಗಳು ಏಳುತ್ತವೆ. ಸಾರ್ವಜನಿಕ ರಸ್ತೆ, ಉದ್ಯಾನ ಮುಂತಾದ ಸ್ಥಳಗಳಲ್ಲಿ ಧರ್ಮದ ಹೆಸರಿನಲ್ಲಿ ಹೊಸದಾಗಿ ಅನಧಿಕೃತ ಕಟ್ಟಡಗಳಿಗೆ ಅವಕಾಶ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿಯೇ ಆದೇಶಿಸಿದೆ. ಮಕ್ಕಳ ಆಟದ ನೆಲವನ್ನು ಕಿತ್ತುಕೊಂಡು ಕಟ್ಟಿದ ಯಾವ ಕಟ್ಟಡದಿಂದಲೂ, ಅದು ನಮ್ಮ ಪರಂಪರೆಯದೇ ಆಗಿರಲಿ, ಪುಣ್ಯ ಬರಲಾರದೆಂದು ನಾವು ನಂಬಿದ್ದೇವೆ. ಸದ್ಭಕ್ತರು ಇಂಥ ಕಾರ್ಯಕ್ಕೆ ದೇಣಿಗೆ ಕೊಡುವ ಮುನ್ನ ಆ ನಿವೇಶನ ನಕ್ಷೆಯಲ್ಲಿ ಏನೆಂದು ದಾಖಲಾಗಿದೆಯೆಂದು ವಿಚಾರಿಸುವುದು ಒಳಿತು.

ಹಾಗಾದರೆ ನವೀಕರಣ ಹೇಗಿರಬೇಕು?

ಈ ಬಗ್ಗೆ ದೂರದ ಒಂದು ಊರಿನ ಅನುಭವ ನಮಗೆ ದಾರಿ ತೋರಬಲ್ಲದು. ಎರಡನೆಯ ಮಹಾಯುದ್ಧ ಮುಗಿದಾಗ ನೆದರ್ಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಹಣವಿರಲಿಲ್ಲ. ಮಕ್ಕಳಿಗೆ ಆಡಲು ಜಾಗವೂ ಇರಲಿಲ್ಲ. 1947ರಲ್ಲಿ ಆಲ್ಡೊ ವಾನ್ ಐಕ್ ಎಂಬ ಯುವ ವಾಸ್ತುಶಿಲ್ಪಿ ನಗರಸಭೆಯ ಪರವಾಗಿ ಒಂದು ಸಣ್ಣ ಚೌಕದಲ್ಲಿ ಮೊದಲ ಆಟದಂಗಳವನ್ನು ರೂಪಿಸಿದರು. ಅಲ್ಲಿದ್ದುದು ಮರಳಿನ ಒಂದು ಗುಂಡಿ, ಹಾರಲು ಕೆಲವು ದಿಂಡುಗಲ್ಲುಗಳು, ಲಾಗ ಹಾಕಲು ಕಬ್ಬಿಣದ ಕಂಬಿಗಳು, ಹಿರಿಯರು ಕೂರಲು ಬೆಂಚು, ಒಂದಷ್ಟು ಮರ. ಅದನ್ನು ನೋಡಿದ ಬೇರೆ ಬೇರೆ ಬೀದಿಗಳ ಜನ ತಮಗೂ ಅಂಥದು ಬೇಕೆಂದು ನಗರಸಭೆಗೆ ಅರ್ಜಿ ಬರೆದರು. ಖಾಲಿಬಿದ್ದ ನಿವೇಶನ, ರಸ್ತೆಯ ಮೂಲೆ, ಎರಡು ಮನೆಗಳ ನಡುವಣ ಸಂದು ಹೀಗೆ ಸಿಕ್ಕಿದ ಸಣ್ಣಪುಟ್ಟ ಜಾಗಗಳೆಲ್ಲ ಮಕ್ಕಳದಾದವು. ಮುಂದಿನ ಸುಮಾರು ಮೂವತ್ತು ವರ್ಷಗಳಲ್ಲಿ ಇಂಥ 700ಕ್ಕೂ ಹೆಚ್ಚು ಆಟದಂಗಳಗಳು ಆ ಒಂದು ನಗರದಲ್ಲಿ ಸಿದ್ಧವಾದವು. ಹಣಕ್ಕಿಂತ ಮೊದಲು ಬೇಕಾದುದು ಮಗುವಿನ ದೃಷ್ಟಿಯಿಂದ ನೋಡುವ ಮನಸ್ಸು ಎಂಬುದಕ್ಕೆ ಇದು ಸಾಕ್ಷಿ.

ಅಂಥ ದೃಷ್ಟಿಯಿಂದ ನಮ್ಮ ಬಡಾವಣೆಯ ಬಯಲನ್ನು ನೋಡಿದಾಗ ಕೆಲವು ಅಂಶಗಳು ತಾವಾಗಿಯೇ ಗೋಚರಿಸುತ್ತವೆ.

ಮೊದಲನೆಯದು ನೆಲ. ಒಟ್ಟು ಜಾಗದಲ್ಲಿ ದೊಡ್ಡ ಪಾಲು ಮಣ್ಣಾಗಿಯೇ ಉಳಿಯಲಿ. ಓಡಲು, ಕಬಡ್ಡಿಯಾಡಲು, ಚಿನ್ನಿದಾಂಡಿಗೆ ಗುಳಿ ತೋಡಲು ಮಣ್ಣಿನ ನೆಲವೇ ಬೇಕು. ಉಯ್ಯಾಲೆ, ಜಾರುಬಂಡಿ, ಏಣಿಗಳ ಕೆಳಗೆ ಸುಮಾರು 30 ಸೆಂಟಿಮೀಟರ್ ಆಳದಷ್ಟು ಸಡಿಲ ಮರಳಿರಲಿ. ಅದನ್ನು ಆಗಾಗ ಕೆದಕಿ, ಗಾಜಿನ ಚೂರು ಮತ್ತು ನಾಯಿಯ ಕಶ್ಮಲವನ್ನು ತೆಗೆಯುವ ವ್ಯವಸ್ಥೆಯಾಗಲಿ. ನಡಿಗೆಯ ಹಾದಿ ಜಾರದಂತಿರಲಿ, ಎರಡು ಗಾಲಿಕುರ್ಚಿಗಳು ಎದುರಾದರೂ ಸಾಗುವಂತೆ ಸುಮಾರು 1.8 ಮೀಟರ್ ಅಗಲವಿರಲಿ. ಬಾಗಿಲಲ್ಲಿ ಮೆಟ್ಟಿಲಿದ್ದರೆ ಅದರ ಪಕ್ಕದಲ್ಲಿ ಒಂದಡಿ ಏರಿಕೆಗೆ ಹನ್ನೆರಡು ಅಡಿ ಉದ್ದದ ಇಳಿಜಾರೂ ಇರಲಿ.

ಎರಡನೆಯದು ನೆರಳು. ಮಕ್ಕಳ ಆಟದ ಸಾಮಗ್ರಿ ಮತ್ತು ಹಿರಿಯರ ಬೆಂಚುಗಳನ್ನು ಈಗಾಗಲೇ ಬೆಳೆದುನಿಂತ ಮರದ ಕೆಳಗೇ ಇಡುವುದು ಜಾಣತನ. ಹೊಸದಾಗಿ ನೆಡುವಾಗ ಬೇವು, ಹೊಂಗೆ, ನೇರಳೆ, ಹೊಳೆದಾಸವಾಳ ಮುಂತಾದ ನಮ್ಮ ಮಣ್ಣಿಗೆ ಒಗ್ಗಿದ ಮರಗಳನ್ನು ಆರಿಸಬೇಕು. ಬೇಗ ಬೆಳೆದು ಹಸಿರಾಗಿ ಕಾಣುವುದೆಂಬ ಕಾರಣಕ್ಕೆ ಅನೇಕ ಕಡೆ ಹಾಕಿದ ಕೋನೋಕಾರ್ಪಸ್ ಗಿಡವನ್ನು ಗುಜರಾತ್ ಸರ್ಕಾರವು ಆರೋಗ್ಯ ಮತ್ತು ಪರಿಸರದ ಕಾರಣಗಳಿಂದ 2023ರಲ್ಲಿ ನಿಷೇಧಿಸಿದೆ. ಯಾವ ಗಿಡ ನೆಡುವೆವೆಂಬುದೂ ಆರೋಗ್ಯದ ಪ್ರಶ್ನೆಯೇ. ಉದುರಿದ ಎಲೆಯನ್ನು ಸುಟ್ಟು ಹೊಗೆಯೆಬ್ಬಿಸದೆ ಅಲ್ಲಿಯೇ ಒಂದು ಗುಂಡಿಯಲ್ಲಿ ಗೊಬ್ಬರ ಮಾಡಿಕೊಳ್ಳಬೇಕು.

ಮೂರನೆಯದು ಶೌಚಾಲಯ ಮತ್ತು ಕುಡಿಯುವ ನೀರು. ಇದನ್ನು ಯೋಜನೆಯಲ್ಲಿ ಕೊನೆಗೆ ಇಡುತ್ತಾರೆ. ಹಣ ಸಾಲದಿದ್ದರೆ ಮೊದಲು ಕೈಬಿಡುತ್ತಾರೆ. ಆದರೆ ಯೋಚಿಸಿ ನೋಡಿ: ನಡೆಯಲೇಬೇಕಾದವರು ಮಧುಮೇಹಿಗಳು, ಅವರಿಗೆ ಮೇಲಿಂದ ಮೇಲೆ ಮೂತ್ರವಿಸರ್ಜನೆಗೆ ಹೋಗಬೇಕಾಗುತ್ತದೆ. ವಯಸ್ಸಾದ ಪುರುಷರಿಗೆ ಪ್ರಾಸ್ಟೇಟ್ ತೊಂದರೆ, ಗರ್ಭಿಣಿಯರಿಗೂ ಅದೇ ಸಂಕಟ. ಶುಚಿಯಾದ ಶೌಚಾಲಯವಿಲ್ಲದ ಉದ್ಯಾನವು ತನ್ನ ಅವಶ್ಯಕತೆ ಯಾರಿಗೆ ಅತ್ಯಧಿಕವೋ ಅವರನ್ನೇ ಹೊರಗಿಡುತ್ತದೆ.

ನಾಲ್ಕನೆಯದು ಹೆಣ್ಣುಮಕ್ಕಳು. ಹತ್ತು ಹನ್ನೆರಡು ವಯಸ್ಸು ದಾಟಿದ ಕೂಡಲೇ ಬಾಲಕಿಯರು ಮೈದಾನದಿಂದ ಮರೆಯಾಗುತ್ತಾರೆ. ಮೈದಾನವಿಡೀ ಕ್ರಿಕೆಟ್ ಆಡುವ ಹುಡುಗರ ಪಾಲಾಗಿರುತ್ತದೆ. ಕೊಕ್ಕೊ, ಥ್ರೋಬಾಲ್, ಬ್ಯಾಡ್ಮಿಂಟನ್ ಆಟಗಳಿಗೆ ಜಾಗ ಗುರುತಿಸಿ, ವಾರದಲ್ಲಿ ಕೆಲವು ಸಂಜೆಗಳನ್ನು ಬಾಲಕಿಯರಿಗೆಂದು ಗೊತ್ತುಮಾಡಬೇಕು. ಹಾದಿಯುದ್ದಕ್ಕೂ ದೀಪಗಳು ಬೆಳಗಲಿ. ಹೊರಗಿನಿಂದ ಒಳಗೆ ಕಾಣದಂತೆ ಬೆಳೆದ ಪೊದೆಬೇಲಿಯನ್ನು ಸೊಂಟದೆತ್ತರಕ್ಕೆ ಕತ್ತರಿಸಲಿ. ರಕ್ತಹೀನತೆ, ಬೊಜ್ಜು, ಮುಟ್ಟಿನ ತೊಂದರೆಗಳಿಂದ ಬಳಲುವ ಹದಿಹರೆಯದ ಹೆಣ್ಣುಮಕ್ಕಳಿಗೆ ಆಹಾರದಷ್ಟೇ ಆಟವೂ ಅಗತ್ಯ.

ಐದನೆಯದು ಬಾಗಿಲು. ಬೆಳಗ್ಗೆ ಹತ್ತಕ್ಕೆ ಬೀಗ ಹಾಕಿ ಸಂಜೆ ನಾಲ್ಕಕ್ಕೆ ತೆರೆಯುವ ಉದ್ಯಾನದಿಂದ ಮಧ್ಯಾಹ್ನ ನೆರಳಲ್ಲಿ ಬುತ್ತಿ ಬಿಚ್ಚಬೇಕಾದ ಕೂಲಿಕಾರರಿಗೆ, ಮನೆಮನೆಗೆ ಸಾಮಾನು ತಲುಪಿಸುವ ಹುಡುಗರಿಗೆ, ಪೌರಕಾರ್ಮಿಕರಿಗೆ ಏನು ಪ್ರಯೋಜನ? ಬೆಂಗಳೂರಿನಲ್ಲಿ 2024ರಲ್ಲಿ ಉದ್ಯಾನಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ತೀರ್ಮಾನಿಸಿದುದು ಸರಿಯಾದ ಹೆಜ್ಜೆ. ಉಳಿದ ನಗರಗಳೂ ಇದನ್ನು ಅನುಸರಿಸಬಹುದು.

ಆರನೆಯದು ಆಟದ ಸಾಮಗ್ರಿಯ ಸುರಕ್ಷತೆ. ಚಕ್ಕೆಯೇಳುವ ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯುಂಟು. ಅದು ಕೈಯಿಂದ ಬಾಯಿಗೆ ಹೋದರೆ ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ. ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರಬಾರದೆಂದು 2016ರ ಕೇಂದ್ರ ಸರ್ಕಾರದ ನಿಯಮ ಹೇಳುತ್ತದೆ. ಉಯ್ಯಾಲೆಗೆ ಬಣ್ಣ ಬಳಿಸುವಾಗ ಇದೇ ಮಿತಿಯನ್ನು ಪಾಲಿಸಿದ ಬಣ್ಣವನ್ನು ಕೇಳಿ ತರಿಸಬೇಕು. ತುಕ್ಕು ಹಿಡಿದ ಸರಪಳಿ, ಸಡಿಲವಾದ ನಟ್ಟು ಬೋಲ್ಟುಗಳನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕು.

ನಮ್ಮಿಂದ ಆಗಬೇಕಾದುದು

ಉದ್ಯಾನವನ್ನು ಕಟ್ಟುವುದಕ್ಕಿಂತ ಅದನ್ನು ಇಟ್ಟುಕೊಳ್ಳುವುದು ಕಷ್ಟ. ಉದ್ಘಾಟನೆಗೆ ಹಣ ಸಿಗುತ್ತದೆ. ಮೂರನೆಯ ವರ್ಷ ಗಿಡಕ್ಕೆ ನೀರೆರೆಯುವ ಮಾಲಿಯ ಸಂಬಳಕ್ಕೆ ಸಿಗುವುದಿಲ್ಲ. ಹೀಗಾಗಿ ನವೀಕರಣದ ಯೋಜನೆಯಲ್ಲಿ ಮುಂದಿನ ಐದು ವರ್ಷದ ನಿರ್ವಹಣೆಯ ವೆಚ್ಚವನ್ನೂ ಸೇರಿಸುವಂತೆ ನಿವಾಸಿಗಳು ಮೊದಲೇ ಒತ್ತಾಯಿಸಬೇಕು. ಅಟಲ್ ನಗರ ಪುನರುಜ್ಜೀವನ ಯೋಜನೆ, ಅಂದರೆ 2015ರಲ್ಲಿ ಆರಂಭವಾದ ಅಮೃತ್ ಯೋಜನೆಯಲ್ಲಿ ಮಕ್ಕಳಿಗೂ ಹಿರಿಯರಿಗೂ ಅನುಕೂಲವಾದ ಉದ್ಯಾನಗಳಿಗೆ ಅವಕಾಶವಿತ್ತು. ಹಣದ ಮೂಲ ಯಾವುದೇ ಇರಲಿ, ಅದನ್ನು ಹೇಗೆ ಖರ್ಚು ಮಾಡಬೇಕೆಂದು ಹೇಳುವ ಹಕ್ಕು ಬಡಾವಣೆಯ ಜನರಿಗಿದೆ. ಅದಕ್ಕೆ ವಾರ್ಡ್ ಸಮಿತಿಯ ಸಭೆಯೇ ತಕ್ಕ ಸ್ಥಳ. ಆ ಸಭೆಗೆ ನಾಲ್ಕು ಮಂದಿ ತಾಯಂದಿರು ಹೋಗಿ ಕಾರಂಜಿಯ ಬದಲು ಶೌಚಾಲಯ ಬೇಕೆಂದು ಕೇಳಿದರೆ ಅದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಮಾಡಬೇಕಾದ ಮತ್ತೊಂದು ಕೆಲಸ ದಾಖಲೆಗೆ ಸಂಬಂಧಿಸಿದ್ದು. ತಮ್ಮ ಬಡಾವಣೆಯ ಅನುಮೋದಿತ ನಕ್ಷೆಯ ಪ್ರತಿಯೊಂದನ್ನು ನಿವಾಸಿಗಳ ಸಂಘ ಪಡೆದಿಟ್ಟುಕೊಳ್ಳಬೇಕು. ನೇರವಾಗಿ ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪಡೆಯಬಹುದು. ಉದ್ಯಾನವೆಂದು ನಾವು ತಿಳಿದ ಜಾಗ ನಕ್ಷೆಯಲ್ಲಿಯೂ ಉದ್ಯಾನವೇ ಎಂಬುದನ್ನು ಖಚಿತಪಡಿಸಿಕೊಂಡು, ಅದರ ಅಳತೆಯನ್ನು ಬಾಗಿಲಲ್ಲಿ ಒಂದು ಕಲ್ಲಿನ ಮೇಲೆ ಕೆತ್ತಿಸಿಡುವುದು ದಾನಿಗಳು ಮಾಡಬಹುದಾದ ಉತ್ತಮ ಸೇವೆ. ರಾಜಮಹಲ್ ವಿಲಾಸದ ನಿವಾಸಿಗಳು ಗೆದ್ದದ್ದೂ ನಕ್ಷೆಯ ಬಲದಿಂದಲೇ.

ಇವೆಲ್ಲಕ್ಕೂ ಮೊದಲು ಮಾಡಬಹುದಾದ, ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಓದುಗರ ಮುಂದಿಡುತ್ತೇವೆ. ಬರುವ ಒಂದು ವಾರ ಸಂಜೆ ಐದೂವರೆಗೆ ತಮ್ಮ ಬಡಾವಣೆಯ ಬಯಲಿಗೆ ಹೋಗಿ ಅರ್ಧ ಗಂಟೆ ಕುಳಿತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಹುಡುಗರು ಎಷ್ಟು, ಹುಡುಗಿಯರು ಎಷ್ಟು, ಕೋಲೂರಿ ಬಂದ ಹಿರಿಯರು ಎಷ್ಟು, ಗಾಲಿಕುರ್ಚಿಯಲ್ಲಿ ಬಂದವರು ಯಾರಾದರೂ ಇದ್ದಾರೆಯೇ, ಪಕ್ಕದ ಕೊಳೆಗೇರಿಯ ಮಕ್ಕಳು ಒಳಗೆ ಬರುತ್ತಾರೆಯೇ, ಬೇಲಿಯಾಚೆ ನಿಂತು ನೋಡುತ್ತಾರೆಯೇ? ಏಳು ದಿನದ ಆ ಏಳು ಹಾಳೆಗಳಲ್ಲಿ ಯಾರ ಹೆಸರಿನ ಮುಂದೆ ಸೊನ್ನೆ ಬಿದ್ದಿದೆಯೋ ಅವರ ಮನೆಗೆ ಹೋಗಿ ಏಕೆ ಬರುವುದಿಲ್ಲವೆಂದು ಕೇಳಿ. ಅವರು ಕೊಡುವ ಉತ್ತರವೇ ನವೀಕರಣದ ಮೊದಲ ಅಂದಾಜುಪಟ್ಟಿ. ಅದನ್ನು ಹಿಡಿದು ವಾರ್ಡ್ ಸಮಿತಿಯ ಮುಂದಿನ ಸಭೆಗೆ ಹೋಗಿರಿ.